ಬೋರ್‌ವೆಲ್ ನೀರಿನ ಬಚ್ಚಲಿಗೆ ಯಾವುದು ಸರಿ: ಆ್ಯಸಿಡ್, ಬಯೋ ಎಂಜೈಮ್, ನಿಂಬೆ ಉಪ್ಪು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಿಂಬೆ ಉಪ್ಪಿಗೆ. ಗ್ರಂಧಿಗೆ ಅಂಗಡಿಯಲ್ಲಿ, ಬೇಕರಿ ಸಾಮಾನು ಮಾರುವಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಬಿಳಿ ಹರಳು ಅದು. ಶರಬತ್ತಿಗೆ, ಜಾಮಿಗೆ, ಹಾಲು ಒಡೆಸಿ ಪನೀರ್ ಮಾಡಲಿಕ್ಕೆ ಹಾಕುವ ಸಿಟ್ರಿಕ್ ಆ್ಯಸಿಡ್. ನೀಲಿ ಟಾಯ್ಲೆಟ್ ಕ್ಲೀನರ್, ಗಾಡಿಯವರು ಕೂಗಿ ಮಾರುವ ಆ್ಯಸಿಡ್, ಆನ್‌ಲೈನಿನಲ್ಲಿ ತರಿಸಿದ ‘ನೂರಕ್ಕೆ ನೂರು ನೈಸರ್ಗಿಕ’ ದ್ರಾವಣ, ಹಣ್ಣಿನ ಸಿಪ್ಪೆ, ಬೆಲ್ಲ ಹಾಕಿ ಮನೆಯಲ್ಲೇ ಹುಳಿಸಿದ ಬಯೋ ಎಂಜೈಮ್, ಎಲ್ಲವನ್ನೂ ಒಂದೇ ಬಚ್ಚಲಲ್ಲಿ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಕಾವೇರಿ ನೀರು ಬರುವ ಮನೆಯವರಿಗೆ ಇದರಲ್ಲಿ ಅರ್ಧ ಅನ್ವಯಿಸುವುದಿಲ್ಲ. ನಮ್ಮದು ಬೆಂಗಳೂರಿನ ಹೊರವಲಯ. ವರ್ಷವಿಡೀ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್.

ಬಚ್ಚಲಿನ ಕೊಳೆ ಅಂದರೆ ನಮ್ಮಲ್ಲಿ ಬಹುಪಾಲು ಕೊಳೆಯೇ ಅಲ್ಲ, ಸುಣ್ಣ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಕಡೆಯೆಲ್ಲ ಬಿಳಿ ಪದರವಾಗಿ ಕೂರುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಅನ್ನುತ್ತದೆ. ನಿಮ್ಮ ಮನೆಯ ನಲ್ಲಿಯ ಬುಡದಲ್ಲಿ ಉಗುರಿನಿಂದ ಕೆರೆದರೂ ಬಾರದ ಬಿಳಿ ಕಟ್ಟು ಇದೆಯೋ, ಶವರಿನ ತೂತುಗಳು ಒಂದೊಂದೇ ಮುಚ್ಚಿಕೊಳ್ಳುತ್ತಿವೆಯೋ, ಅಷ್ಟು ನೋಡಿದರೆ ಸಾಕು. ಕಮೋಡಿನ ಒಳಗೆ ನೀರು ಇಳಿಯುವ ದಾರಿಯಲ್ಲಿ ಹಳದಿ ಕಂದು ಗೆರೆ ಇದ್ದರೆ ನೀರಿನಲ್ಲಿ ಕಬ್ಬಿಣವೂ ಇದೆ. ಸೋಪು, ಡಿಟರ್ಜೆಂಟ್, ಫಿನಾಯಿಲ್ ಎಷ್ಟು ಸುರಿದರೂ ಈ ಸುಣ್ಣ ಜಗ್ಗುವುದಿಲ್ಲ. ಆಮ್ಲವೇ ಬೇಕು. ಪ್ರಶ್ನೆ ಯಾವ ಆಮ್ಲ ಅನ್ನುವುದಷ್ಟೇ.

ನೀಲಿ ಟಾಯ್ಲೆಟ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ, ಶೇಕಡಾ 10ರ ಆಸುಪಾಸು. ಗಾಡಿಯವರ ಹತ್ತಿರ ಹಳೇ ನೀರಿನ ಬಾಟಲಿಗೆ ತುಂಬಿಸಿ ಕೊಡುವುದೂ ಅದೇ ಆಮ್ಲ, ಅದರ ದುಪ್ಪಟ್ಟು ಮುಪ್ಪಟ್ಟು ಗಟ್ಟಿ. 2013ರಲ್ಲಿ ಸುಪ್ರೀಂ ಕೋರ್ಟು ಆ್ಯಸಿಡ್ಡಿನ ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಪುಸ್ತಕದಲ್ಲಿ ಬರೆದಿಡಬೇಕು ಎಂದಿತು. ಆದರೂ ನಮ್ಮ ಬೀದಿಗೆ ಗಾಡಿ ಬರುವುದು ನಿಂತಿಲ್ಲ.

ಕೆಲಸದ ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಸುರಿದ ತಕ್ಷಣ ಬುಸಬುಸ ನೊರೆ ಎದ್ದು ಸುಣ್ಣ ಕರಗುತ್ತದೆ. ಆದರೆ ಹೈಡ್ರೋಕ್ಲೋರಿಕ್ ಆಮ್ಲ ಅಂದರೆ ನೀರಿನಲ್ಲಿ ಕರಗಿಸಿಟ್ಟ ಅನಿಲ. ಗಟ್ಟಿಯಾದಷ್ಟೂ ಆ ಅನಿಲ ಮೇಲೆದ್ದು ಮೂಗು, ಗಂಟಲು, ಶ್ವಾಸಕೋಶ ಸೇರುತ್ತದೆ. ಬಾಡಿಗೆ ಮನೆಗಳ ಬಚ್ಚಲು ಗೊತ್ತಲ್ಲ, ಎರಡು ಗಾಜಿನ ಪಟ್ಟಿಯ ಒಂದು ವೆಂಟಿಲೇಟರ್, ಅದೂ ಡಕ್ಟಿನ ಕಡೆಗೆ. ನಮ್ಮಮ್ಮನಿಗೆ ಉಬ್ಬಸ ಇದೆ. ಆ್ಯಸಿಡ್ ಹಾಕಿದ ದಿನ ಅವರು ನಡುಮನೆಯಲ್ಲಿ ಕೂತರೂ ಕೆಮ್ಮುತ್ತಿದ್ದರು. ಸ್ಟೀಲಿನ ಜಾಲರಿಗೆ ತುಕ್ಕಿನ ಚುಕ್ಕೆ ಬಂದದ್ದೂ, ನಲ್ಲಿಯ ಕ್ರೋಮ್ ಹೊಳಪು ಮಾಸಿದ್ದೂ ಇದೇ ಆಮ್ಲದಿಂದ. ಅದರಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ.

ನಾನು ಇದನ್ನು ಬಿಟ್ಟದ್ದು ಮಾತ್ರ ನಲ್ಲಿಗಾಗಿ ಅಲ್ಲ, ಕೆಲಸಕ್ಕೆ ಬರುವ ಅಕ್ಕನ ಕೈಗಾಗಿ. ಅವರು ಒಂದು ಮನೆಯ ಬಚ್ಚಲು ತೊಳೆಯುವುದಲ್ಲ, ನಾಲ್ಕೈದು ಮನೆಯದು. ಬೆರಳ ಸಂದಿಯಲ್ಲಿ ಚರ್ಮ ಬಿಳಿಚಿ ಸುಲಿದಿತ್ತು, ಉಗುರಿನ ಬುಡದಲ್ಲಿ ಸೀಳು. ‘ರಾತ್ರಿ ಸಾರಿನನ್ನ ಕಲಸಿದರೆ ಉರಿಯುತ್ತದೆ, ಚಮಚದಲ್ಲಿ ತಿನ್ನುತ್ತೇನೆ’ ಅಂದರು. ಕೈಗವಸು ತಂದುಕೊಟ್ಟೆವು, ಹಾಕಿದರೆ ಬ್ರಷ್ ಜಾರುತ್ತದೆ ಎಂದು ತೆಗೆದಿಡುತ್ತಾರೆ. ನಮ್ಮ ಬಚ್ಚಲು ಹೊಳೆಯಲಿ ಎಂದು ಇನ್ನೊಬ್ಬರು ಕೈಯಲ್ಲಿ ಊಟ ಮಾಡಲಾಗದೆ ಇರುವುದನ್ನು ನನಗೆ ಒಪ್ಪಿಕೊಳ್ಳಲಾಗಲಿಲ್ಲ.

ಇನ್ನು ಆನ್‌ಲೈನಿನ ‘ನೈಸರ್ಗಿಕ’ ಬಾಟಲಿ. ಅರ್ಧ ಲೀಟರಿಗೆ 300 ರೂಪಾಯಿ ಮೇಲೆ. ಲೇಬಲ್ಲಿನಲ್ಲಿ ಎಲೆ, ನಿಂಬೆಹಣ್ಣಿನ ಚಿತ್ರ, ‘ರಾಸಾಯನಿಕ ಮುಕ್ತ’ ಎಂಬ ದೊಡ್ಡಕ್ಷರ. ಹಿಂದೆ ತಿರುಗಿಸಿದರೆ ‘ಸಸ್ಯಮೂಲದ ಶುದ್ಧಕಾರಕ, ಸುವಾಸನೆ, ನೀರು’ ಅಷ್ಟೇ. ಯಾವ ಶುದ್ಧಕಾರಕ, ಎಷ್ಟು, ಆಮ್ಲ ಇದೆಯೋ ಇಲ್ಲವೋ, ಒಂದೂ ಇಲ್ಲ. ವಾಸನೆ ಚೆನ್ನಾಗಿತ್ತು. ಸುಣ್ಣದ ಪದರ ಹಾಗೇ ಇತ್ತು. ನಿಂಬೆ ಪರಿಮಳ ಅಂದರೆ ನಿರಪಾಯ ಎಂದೂ ಇಲ್ಲ. ಅದರಲ್ಲಿರುವ ಲಿಮೊನೀನ್ ಎಂಬ ಪರಿಮಳದ ಅಂಶ ಗಾಳಿಯ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಉಂಟುಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಯಾವುದೇ ಸುವಾಸನೆ ಹೆಚ್ಚಾಗುವುದು ಉಬ್ಬಸದವರಿಗೆ ಒಳ್ಳೆಯದಲ್ಲ.

ಬಯೋ ಎಂಜೈಮ್ ಮೇಲೆ ನನಗೆ ನಿಜವಾಗಿ ಆಸೆಯಿತ್ತು. ಥಾಯ್ಲೆಂಡಿನ ಡಾ. ರೋಸುಕಾನ್ ಪೂಂಪನ್‌ವಾಂಗ್ ಹೆಸರಿನ ಜೊತೆ ಪ್ರಸಿದ್ಧವಾದ ವಿಧಾನ ಇದು. ಒಂದು ಭಾಗ ಬೆಲ್ಲ, ಮೂರು ಭಾಗ ಹಣ್ಣಿನ ಸಿಪ್ಪೆ, ಹತ್ತು ಭಾಗ ನೀರು, ಮೂರು ತಿಂಗಳು. ಮೂಸಂಬಿ, ಕಿತ್ತಳೆ, ಹಿಂಡಿದ ನಿಂಬೆಯ ಹೋಳು ಕಸಕ್ಕೆ ಹೋಗುವ ಬದಲು ಕೆಲಸಕ್ಕೆ ಬರುತ್ತವೆ, ಚರಂಡಿಗೆ ಹೋದರೂ ಕೊಳೆತು ಮಣ್ಣಾಗುವ ವಸ್ತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2015ರಲ್ಲಿ ಆ ನೊರೆಗೇ ಬೆಂಕಿ ಹೊತ್ತಿದ್ದನ್ನೂ ಕಂಡ ಊರಿನವರು ನಾವು. ಸಂಸ್ಕರಣೆಯಾಗದ ಕೊಳಚೆಯ ಜೊತೆ ನಮ್ಮ ಮನೆಗಳ ಡಿಟರ್ಜೆಂಟೂ ಅಲ್ಲಿಗೆ ಸೇರಿದೆ. ಹಾಗಾಗಿ ಇದು ಗೆಲ್ಲಲಿ ಎಂದೇ ಶುರುಮಾಡಿದೆ.

ಮೊದಲ ತಿಂಗಳು ಹುದುಗು ಜೋರು. ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನ ಸೀಸೆಯಂತೂ ಬೇಡವೇ ಬೇಡ. ಊರಿಗೆ ಹೋಗಬೇಕಾದರೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ‘ಆ ಡಬ್ಬದ ಮುಚ್ಚಳ ಸ್ವಲ್ಪ ತಿರುಗಿಸಿ’ ಎಂದು ಕೇಳಿಕೊಳ್ಳಬೇಕು. ಮುಚ್ಚಳ ತೆಗೆದಾಗೆಲ್ಲ ಸಾಸಿವೆಗಾತ್ರದ ಹಣ್ಣಿನ ನೊಣಗಳು ಎಲ್ಲಿಂದಲೋ ಬಂದು ಮುತ್ತುತ್ತವೆ. ಮೇಲೆ ತೇಲುವ ಸಿಪ್ಪೆಯನ್ನು ಒಳಗೆ ಒತ್ತುತ್ತಿರದಿದ್ದರೆ ಬೂಷ್ಟು. ಇಷ್ಟೂ ಸಹಿಸಬಹುದು.

ಸಹಿಸಲಾಗದ್ದು ಇರುವೆ. ಬೆಲ್ಲ ಬೇಗ ಹುಳಿಯುವುದು ಬೆಚ್ಚಗಿನ ಹವೆಯಲ್ಲಿ. ಬೆಂಗಳೂರಿನ ಮಳೆಗಾಲ, ಚಳಿಗಾಲದಲ್ಲಿ ಮೂರು ತಿಂಗಳಾದರೂ ಒಂದಿಷ್ಟು ಸಿಹಿ ಉಳಿದೇ ಇರುತ್ತದೆ. ಅದನ್ನು ಸೋಸಿ ನೆಲಕ್ಕೆ, ಟೈಲ್ಸಿಗೆ ಹಾಕಿದರೆ ಸಂಜೆಯಷ್ಟರಲ್ಲಿ ಗ್ರೌಟಿನ ಗೆರೆ ಹಿಡಿದು ಕೆಂಪಿರುವೆಯ ಸಾಲು. ನೀರು ಹಾಕಿ ತೊಳೆದರೆ ಹೋಗುತ್ತವೆ, ಮರುದಿನ ಬಾಗಿಲ ಚೌಕಟ್ಟಿನ ಸಂದಿಯಿಂದ ಮತ್ತೆ ಬರುತ್ತವೆ. ಹೆಚ್ಚು ನೀರು ಬೆರೆಸಿ ತೆಳು ಮಾಡಿದರೆ ಇರುವೆ ಕಡಿಮೆ, ಆದರೆ ಶುಚಿ ಮಾಡುವ ಶಕ್ತಿಯೂ ಕಡಿಮೆ. ಇನ್ನೂ ಒಂದು ತಿಂಗಳು ಬಿಟ್ಟರೆ ಸಿಹಿ ಇಳಿಯುತ್ತದೆ, ಆದರೆ ಅಷ್ಟರಲ್ಲಿ ಹಿಂದಿನ ಡಬ್ಬ ಮುಗಿದಿರುತ್ತದೆ. ಕೊನೆಗೆ ಇರುವೆ ಓಡಿಸಲಿಕ್ಕೆ ಲಕ್ಷ್ಮಣರೇಖೆ ಎಳೆಯುವ ಸ್ಥಿತಿ ಬಂತು. ಬಚ್ಚಲಿನಿಂದ ಒಂದು ವಿಷ ತೆಗೆಯಲು ಹೋಗಿ ಬಾಗಿಲಿಗೆ ಇನ್ನೊಂದು ವಿಷ ಬಳಿಯುವುದಾದರೆ ಇಷ್ಟೆಲ್ಲ ಪಾಡು ಯಾಕೆ?

ಇಷ್ಟಾದ ಮೇಲೂ ಸುಣ್ಣ ಹೋಗಲಿಲ್ಲ. ಬಯೋ ಎಂಜೈಮಿನಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಅದರ ಹುಳಿ. ಬೆಲ್ಲ ಮೊದಲು ಮದ್ಯಸಾರವಾಗಿ, ಆಮೇಲೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವಾಗಿ ತಿರುಗುತ್ತದೆ. ಆ ಆಮ್ಲ ಎಷ್ಟು ತಯಾರಾಯಿತು ಅನ್ನುವುದು ಡಬ್ಬದಿಂದ ಡಬ್ಬಕ್ಕೆ ಬೇರೆ. ಸಿಂಕಿನ ವಾಸನೆಗೆ, ಮೆಟ್ಟಿಲು ಒರೆಸಲು ಚೆನ್ನ. ಬೋರ್‌ವೆಲ್ ಸುಣ್ಣಕ್ಕೆ ಸಾಲದು.

ನಿಂಬೆ ಉಪ್ಪಿನ ದೊಡ್ಡ ಗುಣ ಅದು ಹರಳು ಅನ್ನುವುದೇ. ಅನಿಲವಲ್ಲವಾದ್ದರಿಂದ ನೀರಿನಲ್ಲಿ ಕರಗಿಸಿದಾಗ ಹೊಗೆ ಏಳುವುದಿಲ್ಲ. ಸುಣ್ಣವನ್ನು ಕರಗಿಸುವುದರ ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೇ ತುಕ್ಕಿನ ಕಂದು ಗೆರೆಯೂ ಬಿಡುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ, ಅಂಟಿಕೊಳ್ಳಲಿ ಎಂದು ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ನಲ್ಲಿಯ ಬುಡಕ್ಕೆ ಹಳೇ ಪಂಚೆಯ ತುಂಡು ಇದರಲ್ಲಿ ಅದ್ದಿ ಸುತ್ತಿ ಒಂದು ಗಂಟೆ ಬಿಡಿ. ಬಟ್ಟೆ ಬಿಚ್ಚಿದಾಗ ಕಲ್ಲಿನಂತಿದ್ದ ಬಿಳಿ ಕಟ್ಟು ಮೆತ್ತಗಾಗಿ, ಹಳೇ ಟೂತ್ ಬ್ರಷ್ಷಿಗೆ ಹಿಟ್ಟಿನ ಮುದ್ದೆಯ ಹಾಗೆ ಕಳಚಿ ಬರುತ್ತದೆ. ಕಮೋಡಿಗಾದರೆ ರಾತ್ರಿ ಮಲಗುವ ಮುಂಚೆ ಒಳಗಿನ ನೀರು ತಳ್ಳಿ, ನಾಲ್ಕು ಚಮಚ ಪುಡಿ ಉದುರಿಸಿ, ಬೆಳಗ್ಗೆ ಉಜ್ಜುತ್ತೇನೆ. ಶವರಿನ ತಲೆಯನ್ನು ಬಿಚ್ಚಿ ಬಕೆಟ್ಟಿನಲ್ಲಿ ಮುಳುಗಿಸಿಡುತ್ತೇನೆ.

ನಿಧಾನ, ನಿಜ. ನೀಲಿ ಬಾಟಲಿ ಹತ್ತು ನಿಮಿಷದಲ್ಲಿ ಮಾಡುವುದಕ್ಕೆ ಇದಕ್ಕೆ ಒಂದು ರಾತ್ರಿ ಬೇಕು. ನನಗೆ ರಾತ್ರಿ ಪುಡಿ ಉದುರಿಸಿ ಮಲಗುವ ಅಭ್ಯಾಸ ಕೂತುಬಿಟ್ಟಿದೆ. ಭಾನುವಾರ ಬೆಳಗ್ಗೆ ಒಂದೇ ಸಲ ತೊಳೆದು ಮುಗಿಸುವವರಿಗೆ ಕಷ್ಟವಾಗಬಹುದು. ಕರಗಿಸಿಟ್ಟ ನೀರು ಹೆಚ್ಚು ದಿನ ಬಾಳುವುದಿಲ್ಲ, ಸ್ಪ್ರೇ ಬಾಟಲಿಯಲ್ಲಿ ಬೂಷ್ಟು ಎಳೆ ಕಾಣಿಸುತ್ತದೆ. ವಾರಕ್ಕಾಗುವಷ್ಟೇ ಮಾಡಿಕೊಳ್ಳಿ. ಕುದಿಸಬೇಡಿ, ಬಿಸಿಗೆ, ಸುಣ್ಣದ ಜೊತೆ ನಿಂಬೆ ಉಪ್ಪು ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬೇರ್ಪಟ್ಟು ಬಿಳಿ ಗಸಿಯಾಗಿ ಕೂರುತ್ತದೆ.

ಎಲ್ಲಕ್ಕಿಂತ ಮುಖ್ಯ, ಕಲ್ಲು ನೋಡಿ. ಸುಣ್ಣ ಕರಗಿಸುವ ಆಮ್ಲ ಸುಣ್ಣದ ಕಲ್ಲನ್ನೂ ಕರಗಿಸುತ್ತದೆ. ಮಾರ್ಬಲ್, ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕೋಟಾ, ಇವೆಲ್ಲ ಅದೇ ಜಾತಿ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿರುವುದು ಸಿಮೆಂಟು. ಇವುಗಳ ಮೇಲೆ ನಿಂಬೆ ಉಪ್ಪು, ವಿನೆಗರ್, ಬಯೋ ಎಂಜೈಮ್, ಆ್ಯಸಿಡ್ ಯಾವುದೂ ಬೇಡ. ಹೊಳಪು ಹೋದರೆ ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ. ಅನುಮಾನವಿದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಅಥವಾ ಬಿಳಿ ಕಲೆ ಉಳಿದರೆ ಅಲ್ಲಿಗೇ ನಿಲ್ಲಿಸಿ. ಗ್ರಾನೈಟ್, ಗ್ಲೇಜ್ ಇರುವ ಟೈಲ್ಸಿಗೆ ತೊಂದರೆಯಿಲ್ಲ. ಸಾಗರದ ಕಡೆಯ ನಮ್ಮ ಹಳೇ ಮನೆಯ ಕೆಂಪು ನೆಲಕ್ಕೆ ಈಗಲೂ ಬರೀ ನೀರು, ಆಗಾಗ ಅಂಟುವಾಳದ ಕಷಾಯ.

ಅಂಟುವಾಳ ಪಾತ್ರೆಗೆ, ಬೆಳ್ಳಿಗೆ, ರೇಷ್ಮೆ ಬಟ್ಟೆಗೆ ಬಹಳ ಒಳ್ಳೆಯದು. ಎರಡು ಮೂರು ದಿನಕ್ಕೆ ಹಳಸುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು ಬಿಟ್ಟು ಬೇರೆ ಯೋಚಿಸಲೇ ಬೇಡಿ. ಕಪ್ಪು ಫಿನಾಯಿಲ್ ಬೆಕ್ಕಿರುವ ಮನೆಗೆ ಬೇಡ, ಅದರಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ತೋರಿಸುವ ವಿಡಿಯೋಗಳನ್ನು ನಂಬಬೇಡಿ. ಹುಳಿ, ಕ್ಷಾರ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರು.

ಖರ್ಚಿನ ವಿಷಯ. ನಿಂಬೆ ಉಪ್ಪು ಕಿಲೋಗೆ ನನಗೆ 200 ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿದೆ. ಲೀಟರಿಗೆ 50 ಗ್ರಾಂ ಅಂದರೆ 10 ರೂಪಾಯಿ. ನೈಸರ್ಗಿಕ ಬಾಟಲಿಯ ಒಂದು ಲೀಟರಿನ ದುಡ್ಡಿಗೆ ಮೂರು ಕಿಲೋ ಬರುತ್ತದೆ. ಇದೂ ಕಾರ್ಖಾನೆಯ ಮಾಲೇ. ಸಕ್ಕರೆ, ಕಾಕಂಬಿಯ ಮೇಲೆ ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು ಬೆಳೆಸಿ ತಯಾರಿಸುತ್ತಾರೆ, ನಿಂಬೆಹಣ್ಣಿನಿಂದಲ್ಲ. ನನಗೆ ಅದರಿಂದ ಬೇಸರವಿಲ್ಲ. ಪೊಟ್ಟಣದೊಳಗೆ ಏನಿದೆ ಎಂದು ಒಂದೇ ಹೆಸರಿನಲ್ಲಿ ಬರೆದಿರುತ್ತದಲ್ಲ, ನನಗೆ ಬೇಕಾದದ್ದು ಅದು. ಅಕ್ಕನ ಬೆರಳ ಸಂದಿ ಈಗ ಒಣಗಿದೆ, ಉಳಿದ ಮನೆಗಳಲ್ಲೂ ಎರಡು ಮನೆಯವರು ಅವರ ಮಾತು ಕೇಳಿ ಬದಲಾಯಿಸಿದ್ದಾರೆ.

ನಿಂಬೆ ಉಪ್ಪು ರೋಗಾಣು ಕೊಲ್ಲುವ ಔಷಧಿಯಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ನಾನೂ ಬ್ಲೀಚನ್ನೇ ಬಳಸುತ್ತೇನೆ, ಕಿಟಕಿ ತೆರೆದಿಟ್ಟು, ನಿಂಬೆ ಉಪ್ಪು ಹಾಕದ ದಿನ. ಬ್ಲೀಚು, ಬ್ಲೀಚಿಂಗ್ ಪೌಡರಿಗೆ ಯಾವ ಆಮ್ಲ ಸೋಕಿದರೂ ಕ್ಲೋರಿನ್ ಅನಿಲ ಏಳುತ್ತದೆ. ನೀಲಿ ಬಾಟಲಿಗೆ ಅನ್ವಯಿಸುವ ಈ ಎಚ್ಚರಿಕೆ ನಿಂಬೆ ಉಪ್ಪಿಗೂ ಅಷ್ಟೇ ಅನ್ವಯ. ಪುಡಿ ಕಣ್ಣಿಗೆ ಹಾರದಂತೆ ಬಗ್ಗಿ ಉದುರಿಸಿ, ಕೈಗೆ ಗಾಯವಿದ್ದರೆ ಮುಟ್ಟಬೇಡಿ. ಅಡುಗೆಗೂ ಬರುವ ವಸ್ತು ಎಂದು ಸಕ್ಕರೆ ಡಬ್ಬದ ಪಕ್ಕ ಇಡಬೇಡಿ, ನೋಡಲು ಎರಡೂ ಒಂದೇ ಥರ. ಬಚ್ಚಲಿನದ್ದಕ್ಕೆ ಬೇರೆ ಡಬ್ಬ, ಮೇಲೆ ದಪ್ಪಕ್ಷರದಲ್ಲಿ ಹೆಸರು, ಮಕ್ಕಳ ಕೈಗೆ ಸಿಗದಷ್ಟು ಎತ್ತರ.