‘ಕುಡಿಯಲು ಯೋಗ್ಯ’ ಅಂತ ರಿಪೋರ್ಟ್ ಬಂತಾ? ಒಮ್ಮೆ ಮತ್ತೆ ತೆಗೆದು ನೋಡಿ

ಬೋರ್‌ವೆಲ್ ನೀರು ಕುಡಿಯುವವರು, ಅದರಲ್ಲೂ ಬೆಂಗಳೂರಿನ ಕಾರ್ಖಾನೆ ಪ್ರದೇಶ ಪೀಣ್ಯ, ದಾಸರಹಳ್ಳಿ ಸುತ್ತಮುತ್ತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಎರಡು ಸಲ ನೀರು ಪರೀಕ್ಷೆ ಮಾಡಿಸಿದ್ದೆವು. ಎರಡು ಸಲವೂ ತೊಂದರೆ ಇಲ್ಲ ಅಂತಲೇ ಬಂತು. ಅದನ್ನು ನಂಬಿ ಎರಡು ವರ್ಷ ಕುಡಿದೆವು, ಮಗಳಿಗೂ ಕುಡಿಸಿದೆವು.

ಮೊದಲನೆಯದನ್ನು ಪರೀಕ್ಷೆ ಅನ್ನಲೂ ಬಾರದು. ಮೋಟಾರ್ ರಿಪೇರಿಗೆ ಬಂದವರು ಪೆನ್ನಿನಂಥ ಟಿಡಿಎಸ್ (ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅನ್ನುವ) ಮೀಟರನ್ನು ಲೋಟಕ್ಕೆ ಅದ್ದಿದರು. 480 ತೋರಿಸಿತು. ‘500ರ ಒಳಗಿದೆ, ಧೈರ್ಯವಾಗಿ ಕುಡೀರಿ’ ಅಂದರು. ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು ಮಾತ್ರ. ಕರಗಿರುವುದು ಉಪ್ಪೋ ವಿಷವೋ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ನೀರಿನಲ್ಲಿ ಕೊನೆಗೆ ಸಿಕ್ಕಿದ್ದು ಕ್ರೋಮಿಯಂ ಅನ್ನುವ ಲೋಹ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಭಾರತೀಯ ಮಾನಕ ಐಎಸ್ 10500. ನೂರರ ಲೆಕ್ಕ ತೋರಿಸುವ ಮೀಟರಿನಲ್ಲಿ ಅಷ್ಟು ಚಿಕ್ಕದು ಎಲ್ಲಿ ಕಾಣಬೇಕು?

ಎರಡನೆಯದನ್ನು ಒಂದು ಖಾಸಗಿ ಲ್ಯಾಬಿನಲ್ಲಿ ಮಾಡಿಸಿದೆವು. ಪಿಎಚ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್ ಎಲ್ಲಾ ಸರಿ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಪರೀಕ್ಷಿಸಿದ ಅಂಶಗಳ ಮಟ್ಟಿಗೆ ಕುಡಿಯಲು ಯೋಗ್ಯ’ ಅಂತ ಇತ್ತು. ಆ ‘ಮಟ್ಟಿಗೆ’ಯನ್ನು ನಾನು ಓದಲೇ ಇಲ್ಲ. ಒಂದೇ ಒಂದು ಲೋಹವನ್ನೂ ಅವರು ನೋಡಿರಲಿಲ್ಲ. ಕಾರ್ಖಾನೆ ಪಕ್ಕದ ಬಡಾವಣೆ ಅಂತ ಗೊತ್ತಿದ್ದೂ ನಮಗೆ ಹೇಳಲಿಲ್ಲ. ಅದೇ ನನಗೆ ಈಗಲೂ ಸಿಟ್ಟು.

ಗೊತ್ತಾಗಿದ್ದು ಒಂದು ಬಿಳಿ ಬಕೆಟ್‌ನಿಂದ. ಲೋಟದಲ್ಲಿ ನೀರು ತಿಳಿಯಾಗಿಯೇ ಇರುತ್ತಿತ್ತು. ಹೊಸ ಬಕೆಟ್ ತುಂಬಿಸಿ ಬಿಸಿಲಿನಲ್ಲಿಟ್ಟಾಗ ತಳದ ಕಡೆ ತೆಳು ಹಳದಿ ಕಂಡಿತು. ಲೋಹದ ಮೇಲೆ ಕ್ರೋಮ್‌ನಂಥ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಪಕ್ಕದ ಮನೆ ಅಂಕಲ್ ಬಗ್ಗಿ ನೋಡಿ, ‘ಇದು ಕ್ರೋಮ್ ಬಣ್ಣ ಕಣಮ್ಮ. ಇವತ್ತಿಂದಲೇ ಕುಡಿಯೋದು ನಿಲ್ಲಿಸು’ ಅಂದರು. ಮೂರನೇ ಪರೀಕ್ಷೆಯಲ್ಲಿ ಕ್ರೋಮಿಯಂ ಲೀಟರಿಗೆ 1.2 ಮಿಲಿಗ್ರಾಂ ಬಂತು. ಮಿತಿಯ 24 ಪಟ್ಟು! ಅದರಲ್ಲಿ ಬಹುಪಾಲು ಹೆಕ್ಸಾವೇಲೆಂಟ್, ಅಂದರೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿರುವ ರೂಪ. ಆದರೆ ಹಳದಿ ಕಾಣುವ ತನಕ ಕಾಯಬೇಡಿ. ಮಿತಿಯನ್ನು ಸ್ವಲ್ಪ ಮೀರಿದ್ದರೆ ಬಣ್ಣವೂ ಇರಲ್ಲ, ರುಚಿಯೂ ಬದಲಾಗಲ್ಲ.

ಲ್ಯಾಬಿಗೆ ಹೋದರೆ ಸುಮ್ನೆ ‘ನೀರು ಟೆಸ್ಟ್ ಮಾಡಿ’ ಅನ್ನಬೇಡಿ. ಸುತ್ತ ಯಾವ ಕಾರ್ಖಾನೆಗಳಿವೆ ಅಂತ ಹೇಳಿ, ಕ್ರೋಮಿಯಂ, ಸೀಸ, ನಿಕಲ್, ಕ್ಯಾಡ್ಮಿಯಂ ಅಂತ ಹೆಸರಿಟ್ಟು ಕೇಳಿ. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರಷ್ಟೇ ಸಾಲದು, ಆ ಮಾನ್ಯತೆ ಈ ಲೋಹಗಳ ಪರೀಕ್ಷೆಗೂ ಇದೆಯಾ ನೋಡಿ. ‘ಪತ್ತೆಯಾಗಿಲ್ಲ’ ಅಂತ ಬರೆದಿದ್ದರೆ, ಎಷ್ಟಕ್ಕಿಂತ ಕಡಿಮೆ ಇದ್ದರೆ ಪತ್ತೆಯಾಗಲ್ಲ ಅಂತ ಕೇಳಲೇಬೇಕು. ಅವರ ಯಂತ್ರ 0.1ರ ಕೆಳಗೆ ನೋಡಲಾರದು ಅಂದರೆ 0.05ರ ಮಿತಿಗೆ ಆ ರಿಪೋರ್ಟ್ ಪ್ರಯೋಜನವಿಲ್ಲ. ಬಾಟಲಿಯನ್ನು ಲ್ಯಾಬಿನವರೇ ಕೊಡಲಿ. ಲೋಹಗಳ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕುತ್ತಾರೆ, ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಆ ಆಸಿಡ್ ಇಲ್ಲದ ಬೇರೆ ಬಾಟಲಿ ಬೇಕು, ತಂಪಾಗಿಟ್ಟು ಅವತ್ತೇ ತಲುಪಿಸಬೇಕು. ಮೋಟಾರ್ ಹತ್ತು ನಿಮಿಷ ಓಡಿದ ಮೇಲೆ ಬೋರ್‌ವೆಲ್ ಪೈಪಿನಿಂದಲೇ ಹಿಡಿಯಿರಿ, ಸಂಪಿನಿಂದ ಬೇಡ.

ಕುದಿಸಿದರೆ ಕ್ರೋಮಿಯಂ ಹೋಗಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ನಾನು ಮಗಳಿಗೆ ಜ್ವರ ಬಂದಾಗಲೆಲ್ಲ ಚೆನ್ನಾಗಿ ಕುದಿಸಿಯೇ ಕೊಡುತ್ತಿದ್ದೆ.

ಈಗ ಕುಡಿಯಲು, ಅಡುಗೆಗೆ ಕಾವೇರಿ ನೀರು ಮಾತ್ರ. ರಿಪೋರ್ಟಿನ ಜೆರಾಕ್ಸನ್ನು ಬೋರ್‌ವೆಲ್ ನಲ್ಲಿಯ ಮೇಲೆ ಅಂಟಿಸಿದ್ದೇನೆ, ಬಾಡಿಗೆಗೆ ಹೊಸಬರು ಬಂದರೆ ಮೊದಲು ಅದೇ ಕಾಣಲಿ ಅಂತ.