ಕರ್ವಾಲೊ, ಘಾಚರ್ ಘೋಚರ್, ಕಾರಂತರ ಆತ್ಮಕಥೆ: ಮೊದಲು ಯಾವುದು?

ಈಚೆಗೆ ಈ ಮೂರನ್ನೂ ಒಂದರ ಹಿಂದೊಂದು ಓದಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ಯಾವುದನ್ನು ಮೊದಲು ಓದಲಿ ಎಂದು ಕೇಳುವವರಿಗೆ ಹೋಲಿಕೆ ಬೇಕೇ ಬೇಕು, ಅಲ್ವಾ?

ಪುಸ್ತಕ ಮುಟ್ಟಿ ಬಹಳ ದಿನವಾಗಿದ್ದರೆ ತೇಜಸ್ವಿಯವರ ‘ಕರ್ವಾಲೊ’ (1980). ವಿಜ್ಞಾನಿಯೊಬ್ಬರು ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುತ್ತಾರೆ, ಅಷ್ಟೇ ಕತೆ. ಆದರೆ ಜೇನು ಹಿಡಿಯುವ ಮಂದಣ್ಣನ ಮದುವೆಯ ಹುಚ್ಚು ಸುಮ್ನೆ ನಗಿಸುತ್ತದೆ. ಜೀವವಿಕಾಸದಂಥ ದೊಡ್ಡ ವಿಷಯ ಆ ನಗುವಿನ ನಡುವೆಯೇ ಬಂದು ಕೂರುತ್ತದೆ. ಎಲ್ಲೂ ಪಾಠ ಅನ್ನಿಸುವುದಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅದಕ್ಕಿಂತ ಚಿಕ್ಕದು, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಮನಸ್ಸಿನಿಂದ ಹೋಗುವುದು ಮಾತ್ರ ತಡ. ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಕಂಡ ಕುಟುಂಬ ಒಳಗೊಳಗೇ ಹೇಗೆ ಬದಲಾಗುತ್ತದೆ ಎಂಬುದು ಕತೆ. ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಜಾಸ್ತಿ. ಹಳೇ ಮನೆಯ ಇರುವೆಗಳ ಭಾಗ ಓದುವಾಗ ನನಗೆ ಮೈ ಜುಮ್ಮೆಂದಿತು. ಎಲ್ಲವನ್ನೂ ಬಿಡಿಸಿ ಹೇಳಬೇಕು ಎನ್ನುವವರಿಗೆ ಕೊನೆ ಹಿಡಿಸದೇ ಹೋಗಬಹುದು. ಬರವಣಿಗೆಯ ಬಿಗಿ ನೋಡಿದರೆ ಮೂರರಲ್ಲಿ ನನ್ನ ಮತ ಇದಕ್ಕೇ.

ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ದಪ್ಪ ಪುಸ್ತಕ. ನಾಟಕ, ಯಕ್ಷಗಾನ, ಮಕ್ಕಳ ಶಿಕ್ಷಣ, ತಿರುಗಾಟ ಎಲ್ಲವೂ ಇದೆ. ನಡುವೆ ಕೆಲವು ಕಡೆ ಎಳೆಯುತ್ತದೆ ಕೂಡ. ಹಾಗಾಗಿ ಇದನ್ನು ಮೊದಲಿಗೆ ಹಿಡಿಯಬೇಡಿ. ಉಳಿದೆರಡು ಮುಗಿಸಿ, ಬೇಕಾದ ಅಧ್ಯಾಯ ಆರಿಸಿಕೊಂಡು ನಿಧಾನವಾಗಿ ಓದಿ.