ಹದಿನೇಳೋ ಹತ್ತೊಂಬತ್ತೋ: ಐದಡಿ ಎಂಟಿಂಚಿನವನ ಸೈಕಲ್ ಪಂಚಾಯ್ತಿ

ವರ್ನಿಯರ್ ಹಿಡಿದು ಬೇರೆಯವರ ಅಳತೆಯಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ನೋಡುತ್ತೇನೆ. ಶಾಫ್ಟು 0.02 ಮಿ.ಮೀ. ದಪ್ಪ ಬಂದರೂ ವಾಪಸ್ ಕಳಿಸುವ ಇದೇ ಮನುಷ್ಯ, 22,000 ರೂಪಾಯಿ ಎಣಿಸಿಕೊಟ್ಟು ಸೈಕಲ್ ತರುವ ದಿನ ಕಿಸೆಯಲ್ಲಿ ಒಂದು ಟೇಪು ಕೂಡ ಇಟ್ಟುಕೊಳ್ಳಲಿಲ್ಲ. ಕಪ್ಪು ಬಣ್ಣ, ದೊಡ್ಡ ಗಾಲಿ, ನೋಡಲು ಭರ್ಜರಿ. ಹತ್ತೊಂಬತ್ತು ಇಂಚಿನ ಫ್ರೇಮು, 29 ಇಂಚಿನ ಗಾಲಿ ಇದ್ದ ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್, ಮನೆಗೆ ಬಂತು.

'ಐದು ಎಂಟು ಅಂದ್ರ ನಡುವಿನ ಹೈಟ್ ಆತ್ರಿ ಸರ. ದೊಡ್ಡದ ತಗೋರಿ, ಮುಂದ ಸಣ್ಣದಾತು ಅನ್ನಬಾರದು' ಎಂದಿದ್ದ ಅಂಗಡಿಯವ. ನನಗೆ ನಲವತ್ತೊಂದು ವರ್ಷ. ಮುಂದೆ ಬೆಳೆಯುವುದಿದ್ದರೆ ಹೊಟ್ಟೆಯೊಂದೇ. ಅವತ್ತು ಅಂಗಡಿಯಲ್ಲಿ ಇದ್ದದ್ದೇ ಆ ಒಂದು ಸೈಜು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಇನ್ನೊಂದು ಸೈಕಲ್ ಅಕ್ಕನ ಮಗನದು. ಹದಿನೇಳು ಇಂಚಿನ ಫ್ರೇಮು, 27.5ರ ಗಾಲಿ. ಎಸ್ಸೆಸ್ಸೆಲ್ಸಿ ಮುಗಿದಾಗ ಕೊಡಿಸಿದ್ದು. ಈಗ ಹುಡುಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ, ಐದಡಿ ಹನ್ನೊಂದು ಇಂಚಾಗಿದ್ದಾನೆ. ಅದರ ಮೇಲೆ ಕೂತರೆ ಮೊಣಕಾಲು ಹ್ಯಾಂಡಲಿಗೆ ತಾಗುತ್ತದೆ. ಆರು ವಾರ ಇಬ್ಬರೂ ಅದಲು ಬದಲು ಮಾಡಿ ಓಡಿಸಿದೆವು. ನನ್ನ ಓಡಾಟ ಹನುಮಾನ ನಗರದಿಂದ ಕ್ಯಾಂಪ್, ಕಾಂಗ್ರೆಸ್ ರಸ್ತೆ, ಮೂರನೇ ಗೇಟಿನ ಮೇಲ್ಸೇತುವೆ ಹತ್ತಿಳಿದು ಉದ್ಯಮಬಾಗ. ಒಂದು ದಿಕ್ಕಿಗೆ ಎಂಟು ಕಿಲೋಮೀಟರ್ ಆಸುಪಾಸು. ಭಾನುವಾರ ಮಾತ್ರ ಯಳ್ಳೂರಿನ ರಾಜಹಂಸಗಡದ ಕಡೆ, ಡಾಂಬರು ಬಿಟ್ಟು ಗರಸಿನ ಹಾದಿ.

ಹದಿನೇಳೇ ನನ್ನದು ಎಂಬುದು ಎರಡನೇ ದಿನಕ್ಕೇ ತೀರ್ಮಾನವಾಗಿತ್ತು. ಉಳಿದ ಐದೂ ಚಿಲ್ಲರೆ ವಾರ ಆ ತೀರ್ಮಾನಕ್ಕೆ ಕಾರಣ ಹುಡುಕಿದ್ದು.

ದೊಡ್ಡ ಸೈಕಲ್ಲಿನ ತಕರಾರು ಶುರುವಾದದ್ದು ಬೆರಳಿನಿಂದ. ಹೊಸತರಲ್ಲಿ ಹುರುಪಿಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ದಿನಾ ಕಾಂಗ್ರೆಸ್ ರಸ್ತೆ ಮುಗಿಯುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು. ಅಂಗೈಯ ಹೊರ ಅಂಚಿನಲ್ಲಿ ಹಾಯುವ ಅಲ್ನಾರ್ ನರದ ಮೇಲೆ ಭಾರ ಬಿದ್ದರೆ ಸರಿಯಾಗಿ ಇವೆರಡೇ ಬೆರಳು ಜೋಮು ಹಿಡಿಯುತ್ತವೆ. ಗ್ಲೌಸ್ ಹಾಕಿದೆ, ಹಿಡಿಕೆ ಬದಲಿಸಿದೆ. ಉಪಯೋಗವಾಗಲಿಲ್ಲ. ಕೊನೆಗೆ ಟೇಪು ಹಿಡಿದಾಗ ಗೊತ್ತಾಯಿತು, ಸೀಟಿನ ಮೂತಿಯಿಂದ ಹ್ಯಾಂಡಲಿಗೆ ಇರುವ ದೂರ ಅಳಿಯನ ಸೈಕಲ್ಲಿಗಿಂತ ಮೂರು ಸೆಂ.ಮೀ. ಹೆಚ್ಚು. ಮೂರು ಸೆಂ.ಮೀ. ಅಂದರೆ ಎರಡು ಬೆರಳಿನ ಅಗಲವೂ ಇಲ್ಲ. ಆದರೆ ಅಷ್ಟಕ್ಕೇ ಮೈ ಮುಂದೆ ವಾಲುತ್ತದೆ, ಮೊಣಕೈ ಮಡಚುವ ಬದಲು ಕೋಲಿನಂತೆ ಸೆಟೆಯುತ್ತದೆ, ರಸ್ತೆಯ ಪ್ರತಿ ಗುಂಡಿಯೂ ನೇರ ಹೆಗಲಿಗೆ ಬರುತ್ತದೆ.

ದೂರ ಕಡಿಮೆ ಮಾಡಲು 90 ಮಿ.ಮೀ. ಸ್ಟೆಮ್, ಅಂದರೆ ಹ್ಯಾಂಡಲನ್ನು ಮುಂದಕ್ಕೆ ಚಾಚಿ ಹಿಡಿಯುವ ತುಂಡು, ತೆಗೆದು 60ರದ್ದು ಹಾಕಿಸಿದೆ. ಜೋಮು ಅರ್ಧ ಇಳಿಯಿತು, ಆದರೆ ಇಳಿಜಾರಿನಲ್ಲಿ ಹ್ಯಾಂಡಲ್ ಚಂಚಲವಾಯಿತು. ಉಳಿದರ್ಧಕ್ಕೆಂದು ಸೀಟನ್ನು ಹಳಿಯ ಮೇಲೆ ಮುಂದೆ ತಳ್ಳಿದೆ. ಮೇಲ್ಸೇತುವೆ ಹತ್ತುವಾಗ ಮಂಡಿಚಿಪ್ಪಿನ ಮುಂಭಾಗ ನೋಯತೊಡಗಿತು. ಸೀಟು ಹಿಂದೆ ಮುಂದೆ ಸರಿಸುವುದು ಕಾಲಿನ ಲೆಕ್ಕಕ್ಕೆ. ಕೈ ಎಟುಕುವುದಿಲ್ಲವೆಂದು ಅದನ್ನು ಸರಿಸಿದರೆ ಮಂಡಿ ದಂಡ ಕಟ್ಟುತ್ತದೆ.

ನಿಲ್ಲುವಾಗಿನ ಕಥೆ ಬೇರೆ. ನೆಲದ ಮೇಲೆ ಎರಡೂ ಕಾಲೂರಿದರೆ ಫ್ರೇಮಿನ ಮೇಲಿನ ಅಡ್ಡ ಪೈಪಿಗೂ ನನಗೂ ನಡುವೆ ಒಂದು ಬೆರಳು ಜಾಗ. ಗೋಗಟೆ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಅಷ್ಟು ಸಾಕು. ಗಡದ ಹಾದಿಯಲ್ಲಿ ಗರಸು ಜಾರಿ ದಿಢೀರನೆ ನಿಂತಾಗ ಒಂದು ಕಾಲು ತಗ್ಗಿನಲ್ಲಿ ಬಿತ್ತು. ಪೈಪು ಎಲ್ಲಿ ಬಡಿಯಿತೆಂದು ಬರೆಯುವುದಿಲ್ಲ. ಕಲ್ಲಿನ ಮೇಲೆ ಹತ್ತು ನಿಮಿಷ ಕೂತಿದ್ದೆ. ಕುರಿ ಕಾಯುವ ಅಜ್ಜ ಬಂದು 'ಹೊಟ್ಟಿ ನೋಯಾಕತ್ತೈತೇನ್ರಿ?' ಎಂದು ಕೇಳಿದ. ಹೌದು ಎಂದೆ. ಮಣ್ಣಿನ ಹಾದಿಗೆ ಹೋಗುವವರಿಗೆ ಅಲ್ಲಿ ಕನಿಷ್ಠ ಮೂರು ನಾಲ್ಕು ಬೆರಳು ಜಾಗ ಇರಬೇಕು.

ಹದಿನೇಳರ ಮೇಲೆ ಇದಾವುದೂ ಇಲ್ಲ. ಕೂತರೆ ಮೊಣಕೈ ತಾನಾಗಿ ಮಡಚುತ್ತದೆ, ಖಡೇಬಜಾರಿನ ಗದ್ದಲದಲ್ಲಿ ಎಮ್ಮೆಗೂ ಟಂಟಂಗೂ ನಡುವೆ ನುಸುಳಬಹುದು, ಗಡದ ತಿರುವಿನಲ್ಲಿ ಮೈಯನ್ನು ಹಿಂದೆ ಎಳೆದುಕೊಳ್ಳಬಹುದು. ತೊಂದರೆ ಇದ್ದದ್ದು ಒಂದೇ ಕಡೆ, ಸೀಟಿನ ಪೈಪಿನಲ್ಲಿ. ಅದೊಂದೇ ನನ್ನ ಒಂದು ತಿಂಗಳು ತಿಂದಿತು.

ಲೆಕ್ಕ ಹೀಗಿದೆ. ಗೋಡೆಗೆ ಬೆನ್ನು ಹಚ್ಚಿ, ಬರಿಗಾಲಲ್ಲಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆದರೆ ನನ್ನದು 81 ಸೆಂ.ಮೀ. ಅದನ್ನು 0.883ರಿಂದ ಗುಣಿಸಿದರೆ 71.5. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಗೆ ಇರಬೇಕಾದ ಅಂದಾಜು ಎತ್ತರ ಅದು. ಫ್ರೇಮಿನ ಇಂಚು ಅಂದರೆ ಅದೇ ಅಚ್ಚಿನಿಂದ ಸೀಟಿನ ಪೈಪು ಇಳಿಯುವ ಬಾಯಿಯವರೆಗಿನ ಉದ್ದ. ಹದಿನೇಳು ಇಂಚು ಅಂದರೆ 43 ಸೆಂ.ಮೀ. ಫ್ರೇಮಿಗೇ ಹೋಯಿತು, ಸೀಟಿನ ದಪ್ಪಕ್ಕೆ ಐದು ಬಿಡಿ. ಇಪ್ಪತ್ಮೂರುವರೆ ಸೆಂ.ಮೀ. ಪೈಪು ಹೊರಗೆ ನಿಲ್ಲಬೇಕು. ಸೈಕಲ್ಲಿನ ಜೊತೆ ಬಂದಿದ್ದ ಪೈಪಿನ ಒಟ್ಟು ಉದ್ದವೇ 30. ಒಳಗೆ ಉಳಿಯುವುದು ಆರೂವರೆ ಮಾತ್ರ. ಪೈಪಿನ ಮೇಲೆ ಇದಕ್ಕಿಂತ ಮೇಲೆ ಎತ್ತಬೇಡಿ ಎಂದು ಕೊರೆದಿರುವ ಗೆರೆ ಆಗಲೇ ಹೊರಗೆ ಬಂದು ನನ್ನ ಮುಖ ನೋಡುತ್ತಿತ್ತು. ಆ ಗೆರೆ ದಾಟಿಸಿ ಓಡಿಸಿದರೆ ಕೂತವನ ಭಾರಕ್ಕೆ ಪೈಪು ಸನ್ನೆಗೋಲಾಗಿ ಫ್ರೇಮಿನ ಬಾಯನ್ನೇ ಸೀಳಬಹುದು.

ಉದ್ದದ ಪೈಪು ಹಾಕಿದರಾಯಿತು ಎಂದು ಹೊರಟೆ. ಮೊದಲ ಅಂಗಡಿಯಲ್ಲಿ ಸಿಕ್ಕಿತು, 'ಇದ ಎಲ್ಲಾದಕ್ಕೂ ಕೂಡ್ತೈತ್ರಿ' ಎಂದು ಕೊಟ್ಟರು. ಮನೆಗೆ ತಂದು ಹಾಕಿದರೆ ಸಲೀಸಾಗಿ ಇಳಿಯಿತು, ತೀರ ಸಲೀಸಾಗಿ. ಮರುದಿನ ಮೇಲ್ಸೇತುವೆ ಹತ್ತುವಷ್ಟರಲ್ಲಿ ಸೀಟು ಎರಡು ಇಂಚು ಕೆಳಗೆ. ಗೇಟಿನೊಳಗೆ ಬರುವಾಗ ನಾನು ಮಕ್ಕಳ ಸೈಕಲ್ ಮೇಲೆ ಕೂತವನ ಹಾಗೆ ಮಂಡಿ ಅಗಲಿಸಿ ತುಳಿಯುತ್ತಿದ್ದೆ. ಸೆಕ್ಯೂರಿಟಿಯವ ನಕ್ಕಿದ್ದನ್ನು ನೋಡದಂತೆ ಮಾಡಿದೆ.

ಊಟದ ಹೊತ್ತಿಗೆ ವರ್ನಿಯರ್ ಹಚ್ಚಿದೆ. ಹಳೇ ಪೈಪು 31.6 ಮಿ.ಮೀ., ಹೊಸದು 30.9. ಎರಡೂ ಚಾಲ್ತಿಯಲ್ಲಿರುವ ಅಳತೆಗಳೇ, ಕಣ್ಣಿಗೆ ಒಂದೇ ಥರ. 0.7 ಮಿ.ಮೀ. ಸಡಿಲ ಅಂದರೆ ನಮ್ಮ ಲೆಕ್ಕದಲ್ಲಿ ಹೊಂಡ. ಹಳೇ ಪೈಪಿನ ಬುಡದ ಹತ್ತಿರ ಅಳತೆಯ ಅಂಕಿ ಕೊರೆದೇ ಇತ್ತು. ಅಂಗಡಿಯವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

'ಸ್ಲೀವ್ ಹೊಡದು ಕೊಡ್ತೀನ್ರಿ ಸರ' ಎಂದ ನಮ್ಮ ಲೇತ್ ಹುಡುಗ. ಸುತ್ತಲೂ 0.35 ಮಿ.ಮೀ. ಗೋಡೆ ಉಳಿಸಿ ಬುಶ್, ಅಂದರೆ ಪೈಪಿನ ಸುತ್ತ ಕೂರುವ ತೆಳು ಕೊಳವೆ, ತಿರುವಬೇಕು. ಎರಡು ಸಲ ತಿರುವಿದ, ಎರಡು ಸಲವೂ ಟೂಲ್ ತಾಗಿ ಚಿಪ್ಸ್ ಪೊಟ್ಟಣದಂತೆ ಮುದುಡಿತು. ಆಮೇಲೆ ಕೂಲ್‌ಡ್ರಿಂಕ್ಸ್ ಡಬ್ಬಿ ಕತ್ತರಿಸಿ ಮೂರು ಸುತ್ತು ಸುತ್ತಿದೆವು. ಡಬ್ಬಿಯ ತಗಡು 0.1 ಮಿ.ಮೀ.ನಷ್ಟಿರುತ್ತದೆ, ಲೆಕ್ಕ ಹತ್ತಿರ ಹತ್ತಿರ ಕೂಡಿತು. ನಾಲ್ಕು ದಿನ ತಡೆಯಿತು. ಐದನೇ ದಿನ ಮಳೆ ಬಂತು, ಮತ್ತೆ ಜಾರಿತು. ಕಡೆಗೆ ಸಂದು ತುಂಬುವ ಹಿತ್ತಾಳೆಯ ಶಿಮ್ ಹಾಳೆ ಹಾಕಿದೆ. ಜಾರುವುದು ನಿಂತಿತು, ಶಬ್ದ ಶುರುವಾಯಿತು. ಬಲಗಾಲು ತುಳಿದರೆ ಕಿರ್, ಎಡಗಾಲು ತುಳಿದರೆ ಕುಂಯ್. ಎಂಟು ಕಿಲೋಮೀಟರ್ ಈ ಸಂಗೀತ ಕೇಳಿದವನಿಗೆ ಏಳುನೂರು ಚಿಲ್ಲರೆ ರೂಪಾಯಿ ದುಡ್ಡೇ ಅಲ್ಲ. 31.6 ದಪ್ಪದ, 400 ಮಿ.ಮೀ. ಉದ್ದದ ಪೈಪು ತರಿಸಿದೆ. ತೆಳ್ಳಗೆ ಗ್ರೀಸ್ ಸವರಿ ಇಳಿಸಿದರೆ ಸಿಲಿಂಡರಿನಲ್ಲಿ ಪಿಸ್ಟನ್ ಇಳಿದ ಹಾಗೆ ಗಾಳಿ ತಳ್ಳಿಕೊಂಡು ನಿಧಾನ ಕೂತಿತು. ಹದಿನಾರೂವರೆ ಸೆಂ.ಮೀ. ಒಳಗಿದೆ. ಅವತ್ತಿನಿಂದ ಕೂದಲೆಳೆಯಷ್ಟೂ ಜಾರಿಲ್ಲ.

ಇಷ್ಟೆಲ್ಲ ಆದ ಮೇಲೂ ಹದಿನೇಳನ್ನೇ ಹಿಡಿದದ್ದಕ್ಕೆ ಕಾರಣ ಇದೇ ಪೈಪು. ಚಿಕ್ಕ ಫ್ರೇಮಿಗೆ ಉದ್ದದ ಪೈಪು ಹಾಕಬಹುದು, ಬೇಕಾದರೆ ಸ್ಟೆಮ್ಮನ್ನೂ ಒಂದೆರಡು ಸೆಂ.ಮೀ. ಉದ್ದ ಮಾಡಬಹುದು. ದೊಡ್ಡ ಫ್ರೇಮಿನ ಮೇಲಿನ ಪೈಪನ್ನು ಯಾವ ವೆಲ್ಡಿಂಗ್ ಅಂಗಡಿಗೂ ಒಯ್ದು ಕತ್ತರಿಸಲಾಗುವುದಿಲ್ಲ.

ಗಾಲಿಯ ವಿಷಯದಲ್ಲಿ ದೊಡ್ಡದಕ್ಕೆ ಅನ್ಯಾಯ ಮಾಡಬಾರದು. 29ರ ಗಾಲಿ ಗುಂಡಿಯ ಮೇಲೆ ಹಾದು ಹೋಗುತ್ತದೆ, 27.5 ಒಳಗಿಳಿದು ಏಳುತ್ತದೆ. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕಾಂಗ್ರೆಸ್ ರಸ್ತೆಯಂಥ ನೇರ ದಾರಿಯಲ್ಲಿ ದೊಡ್ಡದು ನನ್ನ ಎರಡು ನಿಮಿಷ ಉಳಿಸುತ್ತಿತ್ತು. ಆ ಎರಡು ನಿಮಿಷ ಬೆರಳು ತಿಕ್ಕಿಕೊಳ್ಳಲು ಹೋಗುತ್ತಿತ್ತು ಅನ್ನುವುದು ಬೇರೆ ಮಾತು.

27.5ರ ಟ್ಯೂಬು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಒಂದು ಬ್ಯಾಗಿನಲ್ಲಿರಲಿ.

ತೂಕ? ನನ್ನ ಹೊಟ್ಟೆ ಇಳಿಯುವವರೆಗೆ ಆ ಚರ್ಚೆ ಬೇಡ.

ಚೀಟಿಯ ಮೇಲಿನ ಎಂ, ಎಲ್ ಅಕ್ಷರ ನಂಬಬೇಡಿ. ಒಂದು ಕಂಪನಿಯ ಎಂ ಹದಿನೇಳಾದರೆ ಇನ್ನೊಂದರದ್ದು ಹದಿನೆಂಟು. ನನಗಿಂತ ಕೈ ಉದ್ದ ಇದ್ದವರಿಗೆ, ಬರೀ ಡಾಂಬರಿನ ಮೇಲೆ ದೂರ ಹೋಗುವವರಿಗೆ ಇದೇ ಎತ್ತರದಲ್ಲಿ ಹತ್ತೊಂಬತ್ತು ಸರಿ ಹೋದೀತು. ನನ್ನದು ಬೆನ್ನಿಗೆ ಟಿಫಿನ್ ಡಬ್ಬಿಯ ಬ್ಯಾಗು, ಹತ್ತು ಕಡೆ ನಿಂತು ಇಳಿಯುವ ರೂಢಿ, ಭಾನುವಾರದ ಗರಸು. ಹೊಸತು ಕೊಳ್ಳುವಷ್ಟು ದುಡ್ಡೂ ಇರಲಿಲ್ಲ, ಮನೆಯಲ್ಲಿ ಇನ್ನೊಂದು ಸೈಕಲ್ ಎಂದು ಬಾಯಿ ತೆರೆಯುವ ಧೈರ್ಯವೂ ಇರಲಿಲ್ಲ.

ಹಾಗಾಗಿ ಅದಲು ಬದಲು ಕಾಯಂ ಆಯಿತು. ಅಳಿಯ ಹತ್ತೊಂಬತ್ತರ ಮೇಲೆ ಸರಿಯಾಗಿ ಕೂರುತ್ತಾನೆ, ಹುಟ್ಟಿದ್ದೇ ಅದರ ಮೇಲೆ ಎಂಬ ಹಾಗೆ. ಅಕ್ಕ ಮಾತ್ರ ಹೊಸದಕ್ಕೆ ಹಳೇದು ಕೊಟ್ಟರೆ ನಿನಗೆ ಲುಕ್ಸಾನಲ್ಲವೇನೋ ಎಂದು ಎರಡು ಸಲ ಕೇಳಿದಳು. ಹುಡುಗನದು ಒಂದೇ ತಕರಾರು: 'ಮಾಮಾ, ಹ್ಯಾಂಡಲ್ ಭಾಳ ಹತ್ರ ಬಂದೈತಿ. ಹಳೇ ಸ್ಟೆಮ್ ಹುಡುಕಿ ಕೊಡ್ರಿ.' ಆ 90 ಮಿ.ಮೀ. ಸ್ಟೆಮ್ ಅಟ್ಟದ ಮೇಲೆ, ಗಣಪತಿ ಮಂಟಪದ ಸಾಮಾನಿನ ಹಿಂದೆ ಎಲ್ಲೋ ಇದೆ. ಈ ಭಾನುವಾರ ಗಡಕ್ಕೆ ಹೋಗುವ ಮೊದಲು ಏಣಿ ಹಾಕಬೇಕು.